ಎಷ್ಟು ಗಂಟೆಗೆ ಎಚ್ಚರವಾಯಿತು?

ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರಿ ಮನೆಗೆ ಮರಳುವವರ ಡಿಸ್ಚಾರ್ಜ್ ಸಮರಿಯನ್ನು ಒಮ್ಮೆ ಓದಿ ನೋಡಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಎಷ್ಟು, ಅಂದರೆ ಹೃದಯ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರತಳ್ಳುತ್ತದೆ, ಕ್ರಿಯಾಟಿನಿನ್ ಎಷ್ಟು, ಸೋಡಿಯಂ ಎಷ್ಟು, ಪೊಟ್ಯಾಷಿಯಂ ಎಷ್ಟು ಎಂಬುದೆಲ್ಲ ದಶಾಂಶದ ಸಮೇತ ಇರುತ್ತದೆ. ನಿದ್ದೆಯ ಸುದ್ದಿ ಬಂದರೆ ಮಾತ್ರೆಗಳ ಪಟ್ಟಿಯ ಕಟ್ಟಕಡೆಯಲ್ಲಿ: ಆಲ್‌ಪ್ರಜೋಲಾಂ 0.25, 0-0-1. ಅದೇ ಪಟ್ಟಿಯಲ್ಲಿ ನಾಲ್ಕೈದು ಸಾಲು ಮೇಲೆ ಫ್ಯೂರೋಸೆಮೈಡ್ 40, 1-0-1. ಮೆಡಿಕಲ್ ಶಾಪಿನ ಹುಡುಗ ಕವರಿನ ಮೇಲೆ ‘ಬೆಳಿಗ್ಗೆ 1, ರಾತ್ರಿ 1’ ಎಂದು ಗೀಚಿ ಕೊಡುತ್ತಾನೆ. ಒಂಬತ್ತೂವರೆಗೆ ಊಟ ಮುಗಿಸಿ, ಮೂತ್ರ ಹೋಗಿಸುವ ಮಾತ್ರೆಯನ್ನೂ ನಿದ್ದೆ ಬರಿಸುವ ಮಾತ್ರೆಯನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗಿ ಮಲಗುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಒಂದು ಮಾತ್ರೆ ಏಳು ಅನ್ನುತ್ತದೆ, ಇನ್ನೊಂದು ಮಲಗು ಅನ್ನುತ್ತದೆ. ನಡುರಾತ್ರಿ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ‘ವಯಸ್ಸಾಯ್ತಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಓಪಿಡಿಯಲ್ಲಿ ನಡೆಯುವುದೂ ಹೀಗೇ. ಮಂಡ್ಯದ ಕಡೆಯ ಯಜಮಾನರೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ, ಹಿಂದೆ ಮಗ ಫೈಲು ಹಿಡಿದು ನಿಂತಿದ್ದಾನೆ. ‘ನಿದ್ದೆ ಹೆಂಗೆ ಬತ್ತದೆ ಯಜಮಾನ್ರೆ?’ ‘ಬತ್ತದೆ ಸಾ.’ ಮಗನೂ ಹೂಂಗುಟ್ಟುತ್ತಾನೆ. ಅವನು ಮಲಗುವುದು ಒಳಗಿನ ಕೋಣೆಯಲ್ಲಿ. ಬಾಗಿಲ ಬಳಿ ನಿಂತ ಹೆಂಡತಿ ಮಾತ್ರ ತಡೆಯಲಾರದೆ ಬಾಯಿ ಬಿಡುತ್ತಾರೆ: ‘ಎಲ್ಲಿ ಬತ್ತದೆ ಸಾ, ಒಂದು ಗಂಟೆಗೆ ಎದ್ದು ಗೋಡೆಗೆ ಒರಗಿ ಕೂತ್ರೆ ಬೆಳಗಾಗೋಗಂಟ ಅಂಗೇ ಕೂತಿರ್ತಾರೆ.’ ಎಕೋ ರಿಪೋರ್ಟಿಗಿಂತ ಈ ಮಾತು ತೂಕದ್ದು. ಒಂದು ಗಂಟೆ, ಎದ್ದು ಕೂರುವುದು, ಬೆಳಗಿನವರೆಗೆ. ಹೃದಯ ಸೋತವರಲ್ಲಿ ‘ನಿದ್ದೆ ಇಲ್ಲ’ ಎನ್ನುವುದು ಒಂದೇ ತೊಂದರೆಯಲ್ಲ, ನಾಲ್ಕೈದು ಬೇರೆ ಬೇರೆ ತೊಂದರೆಗಳು. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎದ್ದ ತಕ್ಷಣ ಏನು ಮಾಡಿದರು, ಏನು ಮಾಡಿದ ಮೇಲೆ ಸರಿಹೋಯಿತು ಎಂದು ಕೇಳಿದರೆ ಅವು ಬಹುಮಟ್ಟಿಗೆ ಬಿಡಿಬಿಡಿಯಾಗಿ ಕಾಣುತ್ತವೆ. ಔಷಧಿ ಬೇರೆ ಬೇರೆ, ಕೆಲವಕ್ಕೆ ಔಷಧಿಯೇ ಬೇಡ. ಮತ್ತೆ, ರಾತ್ರಿಯ ತೊಂದರೆಗೆ ಮಾಡಬೇಕಾದ ಕೆಲಸ ಹೆಚ್ಚಿನಂಶ ಹಗಲಿನಲ್ಲೇ ಇದೆ.

ಮಲಗಿದ ಕೂಡಲೇ, ಅಥವಾ ಎರಡು ಗಂಟೆ ಕಳೆದು

ಹಗಲೆಲ್ಲ ಕೂತು ನಿಂತು ಓಡಾಡುವಾಗ ಹೆಚ್ಚಾದ ನೀರು ಕಾಲಿಗಿಳಿದಿರುತ್ತದೆ. ಸಂಜೆ ಮೊಣಕಾಲ ಕೆಳಗೆ ಬೆರಳಿಂದ ಒತ್ತಿದರೆ ಕುಳಿ ಬೀಳುವುದು ಅದಕ್ಕೇ. ಅಂಗಾತ ಮಲಗಿದಾಗ ಆ ನೀರು ರಕ್ತನಾಳಗಳ ಒಳಕ್ಕೆ ಮರಳಿ ಎದೆಯ ಕಡೆಗೆ ಹರಿಯುತ್ತದೆ. ಗಟ್ಟಿ ಹೃದಯ ಅದನ್ನು ಸಲೀಸಾಗಿ ಮುಂದೆ ತಳ್ಳುತ್ತದೆ. ಸೋತ ಹೃದಯಕ್ಕೆ ಆಗದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಮಲಗಿದ ಕೆಲವೇ ನಿಮಿಷಕ್ಕೆ ಉಸಿರು ಸಿಗದೆ ತಲೆದಿಂಬು ಎತ್ತರಿಸಿಕೊಳ್ಳುವುದು ಒಂದು ಬಗೆ. ಹಾಯಾಗಿ ನಿದ್ದೆ ಹತ್ತಿ, ಒಂದರಿಂದ ಮೂರು ಗಂಟೆಯೊಳಗೆ ಗಾಬರಿಯಿಂದ ಎದ್ದು ಕೂತು, ಕಿಟಕಿ ತೆರೆದು, ಕೆಮ್ಮಿ, ಕಾಲು ಗಂಟೆ ಅರ್ಧ ಗಂಟೆ ಕೂತ ಮೇಲೆ ಸಮಾಧಾನವಾಗುವುದು ಇನ್ನೊಂದು ಬಗೆ. ಎರಡನೆಯದನ್ನು ನಮ್ಮಲ್ಲಿ ಸಾಮಾನ್ಯವಾಗಿ ಗ್ಯಾಸ್ ಎಂದೋ ಉಬ್ಬಸ ಎಂದೋ ತಳ್ಳಿಹಾಕಿ ಈನೋ ಕುಡಿಸುತ್ತಾರೆ. ಅದರಲ್ಲಿರುವುದೂ ಸೋಡಿಯಂ ಎಂಬುದು ಬೇರೆ ಮಾತು.

ವೈದ್ಯರು ‘ಎಷ್ಟು ದಿಂಬು ಬೇಕು?’ ಎಂದು ಕೇಳುವುದು ಪುಸ್ತಕದಿಂದ ಬಂದ ರೂಢಿ. ಮನೆಯಲ್ಲಿ ತಲೆಗೊಂದೇ ದಿಂಬು ಇರುವವರು ‘ಒಂದೇ’ ಎನ್ನುತ್ತಾರೆ. ಗೋಡೆಗೆ ಒರಗುತ್ತೀರಾ, ಕುರ್ಚಿಯಲ್ಲಿ ಮಲಗುತ್ತೀರಾ, ಚಾಪೆ ಬಿಟ್ಟು ಜಗಲಿಗೆ ಬರುತ್ತೀರಾ ಎಂದು ಕೇಳಿದರೆ ನಿಜ ಹೊರಬರುತ್ತದೆ. ದಿಂಬಿನ ಮೇಲೆ ದಿಂಬು ಪೇರಿಸುವುದರಲ್ಲೂ ಎಡವಟ್ಟಿದೆ. ಕುತ್ತಿಗೆ ಮಾತ್ರ ಬಾಗಿ ಗಲ್ಲ ಎದೆಗೆ ತಾಗುತ್ತದೆ, ಹೊಟ್ಟೆ ಮಡಚಿ ವಪೆಯನ್ನು ಒತ್ತುತ್ತದೆ, ಉಸಿರು ಮತ್ತೂ ಬಿಗಿಯಾಗುತ್ತದೆ. ಮಂಚದ ತಲೆಗಡೆಯ ಕಾಲುಗಳ ಕೆಳಗೆ ಆರಿಂಚಿನ ಸಿಮೆಂಟ್ ಬ್ಲಾಕ್ ಇಡುವ ಉಪಾಯ ಹುಳಿತೇಗಿಗೆ ಆದೀತು. ಆರಡಿ ಉದ್ದದ ಮಂಚದಲ್ಲಿ ಅದರಿಂದ ಸಿಗುವ ಇಳಿಜಾರು ಹೆಚ್ಚೆಂದರೆ ಐದು ಡಿಗ್ರಿ. ಏದುಸಿರಿನವರಿಗೆ ಬೇಕಾದದ್ದು ಸೊಂಟದಿಂದ ಮೇಲಕ್ಕೆ ಇಡೀ ಬೆನ್ನು 30ರಿಂದ 45 ಡಿಗ್ರಿ ಏರುವುದು. ಲೆಕ್ಕ ಸುಲಭ: ಬೆನ್ನು ಒರಗುವ ಹಲಗೆ 60 ಸೆಂಟಿಮೀಟರ್ ಉದ್ದವಿದ್ದರೆ ತಲೆಯ ತುದಿ ಹಾಸಿಗೆಯಿಂದ 30 ಸೆಂಟಿಮೀಟರ್ ಮೇಲಿರಬೇಕು, ಆಗ 30 ಡಿಗ್ರಿ. ಓರೆಯಾಗಿ ಕತ್ತರಿಸಿದ ಗಟ್ಟಿ ಫೋಮಿನ ದಿಂಬು ಸಿಗುತ್ತದೆ. ಅದಕ್ಕೆ ದುಡ್ಡಿಲ್ಲದಿದ್ದರೆ ಗಟ್ಟಿ ಮರದ ಕುರ್ಚಿಯೊಂದನ್ನು ಮಂಚದ ತಲೆಗಡೆ ಕವುಚಿ ಹಾಕಿ, ಅದರ ಬೆನ್ನಿನ ಇಳಿಜಾರಿನ ಮೇಲೆ ಮಡಚಿದ ಕಂಬಳಿ ಹಾಸಿ, ಮೇಲೆ ಒಂದು ತೆಳು ದಿಂಬು ಇಟ್ಟರೆ ಆಯಿತು. ಕುರ್ಚಿಯನ್ನು ಮಂಚದ ಕಂಬಿಗೆ ಹಗ್ಗದಿಂದ ಬಿಗಿಯಲು ಮರೆಯಬಾರದು. ಇಳಿಜಾರಿನಲ್ಲಿ ಮಲಗಿದವರು ನಡುರಾತ್ರಿಗೆ ಕೆಳಗೆ ಜಾರಿ ಮತ್ತೆ ಚಪ್ಪಟೆಯಾಗಿರುತ್ತಾರೆ. ತೊಡೆಯ ಕೆಳಗೊಂದು ಸುತ್ತಿದ ಬೆಡ್‌ಶೀಟ್ ಇಟ್ಟರೆ ಜಾರುವುದಿಲ್ಲ. ಹೃದಯ ದೊಡ್ಡದಾದವರಲ್ಲಿ ಹಲವರಿಗೆ ಎಡ ಮಗ್ಗುಲಿಗೆ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ, ಬಲಕ್ಕೆ ಹೊರಳಿದರೆ ಸರಿ. ಅವರಾಗಿಯೇ ಕಂಡುಕೊಂಡ ಮಗ್ಗುಲನ್ನು ‘ಎಡಕ್ಕೆ ಮಲಗಿದರೆ ಜೀರ್ಣಕ್ಕೆ ಒಳ್ಳೆಯದು’ ಎಂದು ಯಾರೂ ಬದಲಿಸಬೇಕಿಲ್ಲ. ನೆಲದ ಚಾಪೆಯನ್ನಂತೂ ಬಿಡುವುದೇ ಲೇಸು: ಏಳಲು ಮುಂದಕ್ಕೆ ಬಾಗಿದಾಗಲೇ ಉಸಿರು ಹಿಡಿದುಕೊಳ್ಳುವವರಿದ್ದಾರೆ.

ಆದರೆ ಇಳಿಜಾರು ಚಿಕಿತ್ಸೆಯಲ್ಲ, ತೇಪೆ. ಮೊನ್ನೆಯವರೆಗೆ ಚಪ್ಪಟೆಯಾಗಿ ಮಲಗುತ್ತಿದ್ದವರು ಈ ವಾರ ಒರಗಿಯೇ ಮಲಗಬೇಕಾಗಿದೆ ಎಂದರೆ ಮೈಯಲ್ಲಿ ನೀರು ಏರಿದೆ ಎಂದರ್ಥ. ತೂಕದ ಯಂತ್ರ ಅದನ್ನು ಹೇಳುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ದಿನವೂ ಅಷ್ಟೇ ಬಟ್ಟೆಯಲ್ಲಿ ತೂಗಬೇಕು. ಮೂರು ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ವೈದ್ಯರಿಗೆ ತಿಳಿಸಬೇಕು. ರಾತ್ರಿ ಎದ್ದು ಕೂತು ಅರ್ಧ ಗಂಟೆಯಾದರೂ ಉಸಿರು ಹತೋಟಿಗೆ ಬರದಿದ್ದರೆ, ತುಟಿ ನೀಲಿಯಾದರೆ, ಕೆಮ್ಮಿದಾಗ ನಸುಗೆಂಪು ನೊರೆ ಬಂದರೆ ಅದು ನಿದ್ದೆಯ ವಿಷಯವಲ್ಲ. ಕಾಲು ಕೆಳಗೆ ಇಳಿಬಿಟ್ಟು ಕೂರಿಸಿ, 108ಕ್ಕೆ ಫೋನ್ ಮಾಡಿ.

ಮೂತ್ರಕ್ಕೆ ಎದ್ದದ್ದು

ಎಚ್ಚರವಾದಾಗ ಉಸಿರು ಸರಿಯಿದೆ, ನೇರ ಬಚ್ಚಲಿಗೆ ಹೋಗಿ ಬಂದು ಮಲಗುತ್ತಾರೆ, ಒಂದೂವರೆ ಗಂಟೆಗೆ ಮತ್ತೆ ಏಳುತ್ತಾರೆ ಎಂದರೆ ಬೇರೆ ಕತೆ. ಇಲ್ಲಿ ಮೊದಲ ಆರೋಪಿ ಆ 1-0-1. ಫ್ಯೂರೋಸೆಮೈಡ್ ಬಾಯಿಯಿಂದ ತೆಗೆದುಕೊಂಡ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ, ಒಂದೆರಡು ಗಂಟೆಗೆ ಜೋರಾಗಿ, ಆರರಿಂದ ಎಂಟು ಗಂಟೆಯವರೆಗೆ ನಡೆಯುತ್ತದೆ. ರಾತ್ರಿ ಒಂಬತ್ತೂವರೆಗೆ ನುಂಗಿದರೆ ಅದರ ಭರಾಟೆ ಹತ್ತೂವರೆಯಿಂದ ಹನ್ನೊಂದೂವರೆ, ಬಾಲ ನಸುಕಿನವರೆಗೆ. ಎರಡನೆಯ ಮಾತ್ರೆಯನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ತೆಗೆದುಕೊಂಡರೆ ಮಲಗುವ ಹೊತ್ತಿಗೆ ಅದರ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಕೆಲವರಿಗೆ ರಾತ್ರಿಯ ಏದುಸಿರು ಅತಿಯಾಗಿರುವ ಕಾರಣ ವೈದ್ಯರು ಬೇಕೆಂದೇ ಸಂಜೆ ಕೊಟ್ಟಿರಬಹುದು. ಹಾಗಾಗಿ ಕೇಳಿಯೇ ಬದಲಿಸಬೇಕು. ಆದರೆ ಕೇಳಿದರೆ ಬಹುತೇಕ ವೈದ್ಯರು ‘ಮಧ್ಯಾಹ್ನವೇ ತಗೊಳ್ಳಿ’ ಎನ್ನುತ್ತಾರೆ, ಚೀಟಿಯಲ್ಲಿ ಗಂಟೆ ಬರೆದಿರಲಿಲ್ಲ ಅಷ್ಟೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಸ್ಪೈರೊನೊಲ್ಯಾಕ್ಟೋನ್ ಇವೂ ಮೂತ್ರ ಹೆಚ್ಚಿಸುವಂಥವು, ಬೆಳಗಿನ ಪಾಲಿಗೆ ಸೇರಬೇಕಾದವು.

ಮಾತ್ರೆ ಸರಿಯಾದ ಹೊತ್ತಿಗೆ ಬಂದರೂ ಕಾಲಿನ ನೀರು ಉಳಿದಿದ್ದರೆ ಮಲಗಿದ ಮೇಲೆ ಅದು ಮೂತ್ರಪಿಂಡಕ್ಕೆ ಬಂದೇ ಬರುತ್ತದೆ. ಅದನ್ನು ಸಂಜೆಯೇ ಕರೆಸಿಕೊಳ್ಳುವುದು ಜಾಣತನ. ಮಧ್ಯಾಹ್ನ ಮೂರು ನಾಲ್ಕರ ಸುಮಾರಿಗೆ, ಬೆನ್ನು ಒರಗಿಸಿಕೊಂಡೇ, ಕಾಲನ್ನು ಎದುರಿನ ಸ್ಟೂಲಿನ ಮೇಲೆ ದಿಂಬಿಟ್ಟು ಒಂದು ಗಂಟೆ ಎತ್ತಿ ಇಟ್ಟುಕೊಂಡರೆ ಆ ನೀರಿನ ಒಂದಿಷ್ಟು ಭಾಗ ರಾತ್ರಿ ಊಟಕ್ಕೆ ಮುಂಚೆಯೇ ಮೂತ್ರವಾಗಿ ಹೋಗುತ್ತದೆ. ಕಾಲೆತ್ತಿದಾಗ ಉಸಿರು ಹಿಡಿದರೆ ತಕ್ಷಣ ಇಳಿಸಬೇಕು. ಇನ್ನು ನಮ್ಮ ರಾತ್ರಿಯೂಟ. ಒಂಬತ್ತೂವರೆಗೆ ಮುದ್ದೆ, ಮೇಲೆ ಅನ್ನ ಸಾರು, ನಂಚಿಕೊಳ್ಳಲು ಉಪ್ಪಿನಕಾಯಿ ಹಪ್ಪಳ, ಕೊನೆಗೆ ಉಪ್ಪು ಹಾಕಿದ ಒಂದು ಲೋಟ ಮಜ್ಜಿಗೆ, ಹತ್ತಕ್ಕೆ ಹಾಸಿಗೆ. ಉಪ್ಪು, ನೀರು, ತುಂಬಿದ ಹೊಟ್ಟೆ ಮೂರೂ ಒಟ್ಟಿಗೆ, ಮಲಗುವ ಅರ್ಧ ಗಂಟೆ ಮುಂಚೆ. ಊಟವನ್ನು ಏಳೂವರೆಗೆ ತಂದು, ಮಜ್ಜಿಗೆಯನ್ನು ಮಧ್ಯಾಹ್ನಕ್ಕೆ ಸರಿಸಿ, ಉಪ್ಪಿನಕಾಯಿ ಬಿಟ್ಟರೆ ಯಾವ ಮಾತ್ರೆಯೂ ಕೊಡದಷ್ಟು ನೆಮ್ಮದಿ ಕೆಲವರಿಗೆ ಸಿಗುತ್ತದೆ. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿದ್ದರೆ ಆ ಲೆಕ್ಕದಲ್ಲಿ ಸಾರು, ಮಜ್ಜಿಗೆ, ಕಾಫಿ ಎಲ್ಲ ಸೇರುತ್ತವೆ. ಅದರ ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿದಿರಲಿ. ಉಪ್ಪಿನ ಬದಲು ಅಂಗಡಿಯ ‘ಲೋ ಸೋಡಿಯಂ’ ಉಪ್ಪು ತರುವ ಮುನ್ನ ಯೋಚಿಸಿ. ಅದರಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಪೊಟ್ಯಾಷಿಯಂ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಸಕುಬಿಟ್ರಿಲ್ ಇರುವ ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು.

ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದರೂ, ಗಂಡಸರಲ್ಲಿ ಪ್ರಾಸ್ಟೇಟ್ ಊದಿದ್ದರೂ ರಾತ್ರಿ ಏಳಬೇಕಾಗುತ್ತದೆ. ಪ್ರತಿ ಸಲ ಹೋಗುವುದು ಒಂದು ಲೋಟವೋ ನಾಲ್ಕು ಚಮಚವೋ ನೋಡಿದರೆ ನೀರಿನ ದೋಷವೋ ಮೂತ್ರಚೀಲದ ದೋಷವೋ ಅಂದಾಜಾಗುತ್ತದೆ. ಕಾರಣ ಏನೇ ಇರಲಿ, ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ, ಏಳುವ ಮುನ್ನ ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರಲಿ. ಈ ಕಾಯಿಲೆಯ ಮಾತ್ರೆಗಳಲ್ಲಿ ಹೆಚ್ಚಿನವು ಬಿಪಿ ಇಳಿಸುವಂಥವು.

ಉಸಿರು ನಿಂತು ನಿಂತು ಬರುವಾಗ

ಕೆಲವು ತೊಂದರೆಗಳು ಮಲಗಿದವರಿಗೇ ಗೊತ್ತಾಗುವುದಿಲ್ಲ. ರಾತ್ರಿ ಎರಡು ಗಂಟೆಯ ಹೃದ್ರೋಗ ವಾರ್ಡಿನಲ್ಲಿ ಒಂದು ಮಂಚದ ಪಕ್ಕ ಹತ್ತು ನಿಮಿಷ ನಿಂತರೆ ಕಾಣುತ್ತದೆ. ಉಸಿರು ಮೆಲ್ಲಗೆ ಶುರುವಾಗಿ, ಒಂದೊಂದು ಸಲಕ್ಕೂ ಆಳವಾಗುತ್ತ, ಎದೆ ಏರಿಳಿದು, ಮತ್ತೆ ಸಣ್ಣದಾಗುತ್ತ ಬಂದು ಪೂರ್ತಿ ನಿಲ್ಲುತ್ತದೆ. ಹತ್ತು ಸೆಕೆಂಡು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಪಕ್ಕದ ಸ್ಟೂಲಿನಲ್ಲಿ ಕೂತ ಮಗಳು ಗಾಬರಿಯಿಂದ ನರ್ಸನ್ನು ಕರೆಯುವಷ್ಟರಲ್ಲಿ ಮತ್ತೆ ಮೆಲ್ಲಗೆ ಶುರು. ಡಬ್ಲಿನ್ನಿನ ಇಬ್ಬರು ವೈದ್ಯರು, ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ, ಇದನ್ನು ವರ್ಣಿಸಿದ್ದರು. ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಕಾರಣದ ತಿರುಳು ಇಷ್ಟು: ಶ್ವಾಸಕೋಶದಲ್ಲಿ ರಕ್ತದ ಒತ್ತಡ ಹೆಚ್ಚಿರುವುದರಿಂದ ಇವರು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಒಂದು ಮಟ್ಟಕ್ಕಿಂತ ಇಳಿದರೆ ಮಿದುಳು ಉಸಿರಿನ ಅಪ್ಪಣೆಯನ್ನೇ ನಿಲ್ಲಿಸುತ್ತದೆ. ಹೃದಯ ನಿಧಾನವಾಗಿ ತಳ್ಳುವುದರಿಂದ ಶ್ವಾಸಕೋಶದ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ನಾಲೆಯ ಕೊನೆಯ ಗದ್ದೆಯವನು ನೀರು ಸಾಲದೆಂದು ಕೂಗಿ ಕಳಿಸುವುದು, ತೂಬಿನವನು ತೆರೆಯುವುದು, ನೀರು ಬರುವಷ್ಟರಲ್ಲಿ ಅವನು ಮತ್ತೆ ಕೂಗಿರುವುದು, ಕೊನೆಗೆ ಬದು ಒಡೆದು ಹರಿದಾಗ ‘ಸಾಕು’ ಎಂದು ಹೇಳಿಕಳಿಸುವುದು, ಆ ಮಾತು ತಲುಪುವುದೂ ತಡ. ಹಾಗೆ ಅತಿಯಿಂದ ಇಲ್ಲದಕ್ಕೆ, ಇಲ್ಲದ್ದರಿಂದ ಅತಿಗೆ ಉಸಿರು ತೂಗಾಡುತ್ತದೆ.

ಇದು ಒಂದು ಜಾತಿ. ಇನ್ನೊಂದು, ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವುದು: ಜೋರು ಗೊರಕೆ, ಮೌನ, ಆಮೇಲೆ ಉಬ್ಬಳಿಸಿದಂಥ ಸದ್ದು. ಮೊದಲನೆಯದರಲ್ಲಿ ನಿಂತಾಗ ಎದೆ ಹೊಟ್ಟೆ ಅಲ್ಲಾಡುವುದಿಲ್ಲ. ಎರಡನೆಯದರಲ್ಲಿ ಎದೆ ಹೊಟ್ಟೆ ತಿಣುಕುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹೃದಯ ವೈಫಲ್ಯವಿರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಈ ಎರಡರಲ್ಲಿ ಒಂದೋ, ಎರಡೂ ಬೆರೆತೋ ಇರುತ್ತದೆ. ಇವರಲ್ಲಿ ಬಹಳ ಮಂದಿ ಹಗಲು ತೂಕಡಿಸುವುದಿಲ್ಲ ಎಂಬುದೇ ಮೋಸ. ತೂಕಡಿಕೆಯನ್ನು ಅಳೆಯುವ ಪ್ರಶ್ನಾವಳಿ ಇವರ ವಿಷಯದಲ್ಲಿ ಕೈಕೊಡುತ್ತದೆ. ಮನೆಯವರು ಕಂಬಳಿ ಸರಿಸಿ, ಎದೆ ಹೊಟ್ಟೆ ಎರಡೂ ಕಾಣುವ ಹಾಗೆ ಫೋನಿನಲ್ಲಿ ಮೂರು ನಿಮಿಷದ ವಿಡಿಯೋ ತೆಗೆದು ವೈದ್ಯರಿಗೆ ತೋರಿಸಿದರೆ ಅರ್ಧ ದಾರಿ ಸಾಗಿದಂತೆ. ಅರ್ಧ ನಿಮಿಷದ ವಿಡಿಯೋ ಸಾಲದು, ಒಂದು ಸುತ್ತು ಮುಗಿಯಲು ಒಂದು ನಿಮಿಷದಷ್ಟು ಬೇಕು. ಬಳಿಕ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ. ಬೆರಳಿಗೆ ಕ್ಲಿಪ್ ಹಾಕಿ ಮನೆಗೆ ಕಳಿಸುವ ಸರಳ ಪರೀಕ್ಷೆ ಎರಡು ಜಾತಿಯನ್ನು ಬೇರ್ಪಡಿಸಲು ಸೋಲಬಹುದು. ಹೃದಯ ವೈಫಲ್ಯವಿದ್ದರೆ ಲ್ಯಾಬಿನಲ್ಲಿ ರಾತ್ರಿಯಿಡೀ ಮಾಡುವ ಪೂರ್ತಿ ಪರೀಕ್ಷೆಯೇ ಮೇಲು.

ಜಾತಿ ತಿಳಿಯದೆ ಯಂತ್ರ ಕೊಳ್ಳುವುದು ಏಕೆ ತಪ್ಪು ಎನ್ನುವುದಕ್ಕೆ ಇತಿಹಾಸವಿದೆ. ಗಂಟಲು ಮುಚ್ಚುವವರಿಗೆ ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ತಳ್ಳಿ ಗಂಟಲು ತೆರೆದಿಡುವ ಯಂತ್ರ, ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮಿದುಳು ಅಪ್ಪಣೆ ನಿಲ್ಲಿಸುವ ಜಾತಿಗೆ ಸಿಪ್ಯಾಪ್ ಹಾಕಿ ನೋಡಿದ ಕ್ಯಾನ್‌ಪ್ಯಾಪ್ ಅಧ್ಯಯನ 2005ರಲ್ಲಿ ಬಂತು, 258 ರೋಗಿಗಳು. ಉಸಿರು ಒಂದಿಷ್ಟು ಸುಧಾರಿಸಿತು, ಆಯುಸ್ಸು ಹೆಚ್ಚಲಿಲ್ಲ. ಆಮೇಲೆ ಪ್ರತಿ ಉಸಿರಿಗೂ ತಾನೇ ಹೊಂದಿಕೊಳ್ಳುವ ಎಎಸ್‌ವಿ ಯಂತ್ರ ಬಂತು. 2015ರ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ, ಪಂಪಿಂಗ್ 45 ಅಥವಾ ಅದಕ್ಕಿಂತ ಕಡಿಮೆ ಇದ್ದ 1,325 ಜನರಲ್ಲಿ, ಈ ಯಂತ್ರ ಉಸಿರನ್ನು ಚೆನ್ನಾಗಿ ಸಮ ಮಾಡಿತು; ಆದರೆ ಯಂತ್ರ ಹಾಕಿದವರಲ್ಲಿ ಹೃದಯ ಸಂಬಂಧಿ ಸಾವು ಹಾಕದವರಿಗಿಂತ 34 ಪ್ರತಿಶತ ಹೆಚ್ಚಿತ್ತು. ಪರದೆಯ ಮೇಲಿನ ಗೆರೆ ನೆಟ್ಟಗಾದ ಮಾತ್ರಕ್ಕೆ ರೋಗಿ ಗೆದ್ದಂತಲ್ಲ ಎಂದು ವೈದ್ಯಲೋಕ ಬೆಚ್ಚಿದ್ದು ಆಗ. ಬೇರೆ ಬಗೆಯ ಎಎಸ್‌ವಿ ಬಳಸಿದ ಅಡ್ವೆಂಟ್-ಎಚ್‌ಎಫ್ ಎಂಬ ನಂತರದ ಅಧ್ಯಯನದಲ್ಲಿ ಕೇಡು ಕಾಣಲಿಲ್ಲ, ಆಯುಸ್ಸಿಗೆ ಲಾಭವೂ ಕಾಣಲಿಲ್ಲ. ಹಾಗಾಗಿ ಇಂದಿಗೂ ಈ ಜಾತಿಗೆ ಮೊದಲ ಮದ್ದು ಹೃದಯದ ಮಾತ್ರೆಗಳನ್ನು ಸರಿಯಾದ ಪ್ರಮಾಣಕ್ಕೆ ಏರಿಸಿ ನೀರನ್ನು ಇಳಿಸುವುದು. ಅಂಗಾತ ಬಿಟ್ಟು ಮಗ್ಗುಲಿಗೆ ಮಲಗುವುದೂ ಎರಡೂ ಜಾತಿಗೆ ಸಹಾಯ ಮಾಡುತ್ತದೆ. ಪರಿಚಯದವರ ಮನೆಯಲ್ಲಿ ಖಾಲಿ ಬಿದ್ದಿರುವ ಯಂತ್ರ ತಂದು ಹಾಕಿಕೊಳ್ಳುವುದು ಮಾತ್ರ ಬೇಡವೇ ಬೇಡ.

ನೀರೂ ಇಲ್ಲ, ಉಸಿರೂ ಸರಿ, ಆದರೂ

ಉಳಿದದ್ದು, ಕಣ್ಣು ಬಿಟ್ಟುಕೊಂಡು ಸೂರು ನೋಡುವ ಬಗೆ. ಇಲ್ಲಿ ಮೊದಲು ಮಾತ್ರೆ ಡಬ್ಬ ತೆರೆಯಬೇಕು. ಹೃದಯದ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಗುಂಪಿನ ಮೆಟೊಪ್ರೊಲಾಲ್ ಕೆಲವರಿಗೆ ಕೆಟ್ಟ ಕನಸು ತರುತ್ತದೆ. ಹೊತ್ತು ಬದಲಿಸಬಹುದೇ, ಬೇರೆ ಬೀಟಾ ಬ್ಲಾಕರ್ ಆದೀತೇ ಎಂದು ಕೇಳಬಹುದು. ತಾವಾಗಿಯೇ ನಿಲ್ಲಿಸುವ ಹಾಗಿಲ್ಲ, ಹಠಾತ್ತನೆ ಬಿಟ್ಟರೆ ಹೃದಯ ಕೆರಳುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ಒಣಕೆಮ್ಮು ತರುತ್ತವೆ, ಹಗಲೂ ರಾತ್ರಿಯೂ ಗಂಟಲಲ್ಲಿ ಕೆರೆತ. ಮಲಗಿದಾಗ ಮಾತ್ರ ಬಂದು ಕೂತರೆ ಹೋಗುವ ಕೆಮ್ಮು ನೀರಿನದ್ದು. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ. ಸಂಜೆಯಾದರೆ ಕಾಲು ಜುಮುಗುಟ್ಟಿ ಆಡಿಸದೆ ಇರಲಾಗದು ಎನ್ನುವವರ ಫೆರಿಟಿನ್, ಅಂದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ, ನೋಡಬೇಕು. ಹೃದಯ ವೈಫಲ್ಯದಲ್ಲಿ ಅದು 100ಕ್ಕಿಂತ ಕಡಿಮೆಯಿದ್ದರೆ ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಕಬ್ಬಿಣದ ಕೊರತೆ ಎಂದೇ ಲೆಕ್ಕ.

ಇವೆಲ್ಲ ದಾಟಿದ ಮೇಲೆ ಉಳಿಯುವುದು ಭಯ ಮತ್ತು ರೂಢಿ. ಪಂಪಿಂಗ್ 35 ಎಂದು ಕೇಳಿದ್ದೇ ನೂರಕ್ಕೆ ಮೂವತ್ತೈದು ಎಂದು ಎಣಿಸಿ ಆ ರಾತ್ರಿಯಿಂದಲೇ ನಿದ್ದೆ ಬಿಟ್ಟವರಿದ್ದಾರೆ. ಗಟ್ಟಿಮುಟ್ಟಾದವರಿಗೂ ಅದು 55ರಿಂದ 70ರ ಆಸುಪಾಸು ಎಂದು ಯಾರಾದರೂ ಅಂದೇ ಹೇಳಿದ್ದರೆ ಒಂದು ತಿಂಗಳ ನಿದ್ದೆ ಉಳಿಯುತ್ತಿತ್ತು. ರೂಢಿಯ ಮಾತಿಗೆ ಬಂದರೆ, ನಮ್ಮ ಮನೆಗಳಲ್ಲಿ ರೋಗಿಯ ಮಂಚವನ್ನು ಬಚ್ಚಲು ಹತ್ತಿರವೆಂದು ಹಾಲಿಗೆ ತರುತ್ತಾರೆ. ಹಗಲೆಲ್ಲ ಅಲ್ಲೇ ಊಟ, ಅಲ್ಲೇ ಟಿವಿ, ಬಂದವರ ಜೊತೆ ಅಲ್ಲೇ ಮಾತು, ನಡುನಡುವೆ ಅಲ್ಲೇ ಜೊಂಪು. ರಾತ್ರಿ ಹತ್ತೂವರೆಗೆ ಸೀರಿಯಲ್ ಮುಗಿದು ದೀಪ ಆರಿಸಿದಾಗ ನಿದ್ದೆ ಬಾ ಎಂದರೆ ಬರುತ್ತದೆಯೇ? ನಿದ್ರಾಹೀನತೆಗೆಂದೇ ರೂಪಿಸಿದ, ಮಾತ್ರೆಯಿಲ್ಲದೆ ಯೋಚನೆ ರೂಢಿಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಹೃದಯ ವೈಫಲ್ಯದವರಿಗೂ ಒಗ್ಗುತ್ತದೆ. ನ್ಯಾನ್ಸಿ ರೆಡೆಕರ್ ಅವರ ಮುಂದಾಳತ್ವದಲ್ಲಿ ಅಮೆರಿಕದಲ್ಲಿ 175 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿದ್ದೆಯ ಜೊತೆ ಹಗಲಿನ ಸುಸ್ತೂ ತಗ್ಗಿತ್ತು. ಅದರ ಸೂತ್ರಗಳು ಮನೆಗೆ ಇಳಿದರೆ ಹೀಗೆ: ಹಗಲಿಗೆ ಮಂಚ ಬೇಡ, ಕೈಯಿರುವ ಒಂದು ಗಟ್ಟಿ ಕುರ್ಚಿ. ಮಧ್ಯಾಹ್ನದ ಜೊಂಪು ಮೂರರೊಳಗೆ, ಅರ್ಧ ಗಂಟೆ. ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಏಳುವುದು ಒಂದೇ ಹೊತ್ತಿಗೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಗೆ ಬಂದು, ಕಣ್ಣು ಭಾರವಾದಾಗ ಮರಳುವುದು. ಹಾಸಿಗೆಯ ಹೊತ್ತನ್ನು ಬಿಗಿಯಾಗಿ ಕಡಿತ ಮಾಡುವ ಭಾಗವನ್ನು ಮಾತ್ರ ತಿಳಿದವರ ಮಾರ್ಗದರ್ಶನದಲ್ಲಿ ನಿಧಾನಕ್ಕೆ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನಿದ್ದೆಯ ತೊಂದರೆಗಳಿಗೆ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದೆಂದರೆ ತಲೆ ಕೆಟ್ಟಿದೆ ಎಂದಲ್ಲ ಎಂದು ಯಜಮಾನರಿಗೆ ಒಪ್ಪಿಸುವುದೇ ದೊಡ್ಡ ಕೆಲಸ.

ಆ ಕೊನೆಯ ಸಾಲಿನ ಆಲ್‌ಪ್ರಜೋಲಾಂ ಪೂರ್ತಿ ನಿಷಿದ್ಧವೆಂದಲ್ಲ. ಆದರೆ ಗಂಟಲು ಮುಚ್ಚುವವರಲ್ಲಿ ಅದು ಗಂಟಲನ್ನು ಮತ್ತೂ ಸಡಿಲಿಸುತ್ತದೆ, ಮೂತ್ರಕ್ಕೆ ಏಳುವವರನ್ನು ಬೀಳಿಸುತ್ತದೆ, ನೀರು ತುಂಬಿ ಏದುಸಿರಾದಾಗ ಬರಬೇಕಾದ ಎಚ್ಚರವನ್ನು ತಡಮಾಡುತ್ತದೆ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರಿಗೂ ಇದೇ ಉತ್ತರ. ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ಬಿಡಬಾರದು. ವೈದ್ಯರ ಮೂಲಕ ಹಂತಹಂತವಾಗಿ ಇಳಿಸಬೇಕು.

ಓಪಿಡಿಗೆ ಹೋಗುವ ಮುಂಚಿನ ಒಂದು ವಾರ, ಒಂದು ಹಾಳೆಯ ಮೇಲೆ ನಾಲ್ಕು ಕಲಂ ಎಳೆಯಿರಿ: ಎಚ್ಚರವಾದ ಗಂಟೆ, ಎದ್ದದ್ದು ಉಸಿರಿಗೋ, ಮೂತ್ರಕ್ಕೋ, ಸುಮ್ಮನೆಯೋ, ಮತ್ತೆ ಮಲಗಲು ಹಿಡಿದ ಹೊತ್ತು, ಬೆಳಗಿನ ತೂಕ. ಹಾಳೆಯನ್ನು ಬರೆಯಬೇಕಾದವರು ಅದೇ ಕೋಣೆಯಲ್ಲಿ ಮಲಗುವವರು, ಫೈಲು ಹಿಡಿಯುವವರಲ್ಲ. ಓಪಿಡಿಯ ಒಳಗೆ ಬರಬೇಕಾದವರೂ ಅವರೇ. ಬರೆಯುವ ಅಮ್ಮನೂ ಹೀಗೆ ತಿಂಗಳಾನುಗಟ್ಟಲೆ ಅರೆನಿದ್ದೆಯಲ್ಲಿರುತ್ತಾಳೆ. ವಾರಕ್ಕೆ ಎರಡು ರಾತ್ರಿಯಾದರೂ ಮಗ ಹಾಲಿನಲ್ಲಿ ಮಲಗಿ, ಅವಳನ್ನು ಒಳಗಿನ ಕೋಣೆಗೆ ಕಳಿಸಲಿ.